ಮಫ್ಲರಿನೊಳಗಿನ ಸವತಿ

ನಮ್ಮವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಬೀದಿಯವರಿಗೆ ಅವರ ಹೆಸರು ಮರೆತೇಹೋಗಿತ್ತು, ಎಲ್ಲರೂ ಒಂಟಿಗಣ್ಣಪ್ಪ ಅನ್ನುತ್ತಿದ್ದರು. ಹಾಗಂತ ಕಣ್ಣಿಗೇನೂ ಆಗಿರಲಿಲ್ಲ, ಎರಡೂ ಚೆನ್ನಾಗಿದ್ದವು. ಬೆಳಿಗ್ಗೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಊಟಕ್ಕೆ ಎದ್ದಾಗಲೂ ಅದನ್ನು ತೆಗೆಯುವುದು ಮರೆತು ಬರುತ್ತಿದ್ದರು, ಅಷ್ಟೇ. ಆ ಗಾಜಿನಲ್ಲಿ ಮೂರು ಬೆರಳು ದೂರ ಇರುವುದು ಮಾತ್ರ ಕಾಣುತ್ತದೆ. ಅದರಾಚೆ ಇರುವುದೆಲ್ಲ ಮಂಜು. ಮೂವತ್ತೆರಡು ವರ್ಷ ನಾನು ಆ ಮಂಜಿನೊಳಗೇ ಓಡಾಡಿಕೊಂಡು ಅಡುಗೆ ಮಾಡಿದೆ, ಮಗಳನ್ನು ಸಾಕಿದೆ, ಮದುವೆ ಮಾಡಿ ಕಳಿಸಿದೆ.

ಕೆಟ್ಟ ಮನುಷ್ಯ ಅಂತ ಹೇಳುತ್ತಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಒಂದು ದಿನಕ್ಕೂ ಅಡುಗೆಗೆ ಹೆಸರಿಡಲಿಲ್ಲ. ಹೆಸರಿಡಬೇಕಾದರೆ ಏನು ತಿಂದೆ ಅಂತ ಗೊತ್ತಿರಬೇಕಲ್ಲ! ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಗೋಡೆ ತುಂಬ ಹದಿನಾಲ್ಕು ಗಡಿಯಾರ, ಕೆಳಗೆ ಅವರ ಮೇಜು, ಮೇಜಿಗೆ ಮೂರು ಡ್ರಾಯರ್. ಯಾರೋ ಹೆಂಗಸಿನ ಕೈಗಡಿಯಾರ ರಿಪೇರಿಗೆ ಬಂದರೆ ಅದರ ಬೆನ್ನು ಬಿಚ್ಚಿ, ಒಳಗಿನ ಒಂದೊಂದು ಚಕ್ರವನ್ನೂ ಚಿಮಟದಲ್ಲಿ ಎತ್ತಿ, ಊದಿ, ಒರೆಸಿ, ಒಂದು ಗಂಟೆ ಹೊತ್ತು ಅದನ್ನೇ ನೋಡುತ್ತಿದ್ದರು. ನಾನು ಅಡುಗೆಮನೆ ಬಾಗಿಲಿಂದ ಅವರನ್ನು ನೋಡುತ್ತಿದ್ದೆ. ಆಗಲೇ ನನಗೆ ಹೊಟ್ಟೆಯುರಿ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಗಡಿಯಾರ ರಿಪೇರಿಯಾದ ಮೇಲೆ ತನ್ನ ಮನೆಗೆ ಹೋಗುತ್ತದೆ. ಅದೊಂದು ಸಮಾಧಾನ.

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಗೆ ಮುಂಚೆ ಬೈಂಡಿಂಗ್ ಮನೆಯಲ್ಲಿ ಪುಸ್ತಕದ ಹಾಳೆ ಮಡಿಸುವ ಕೆಲಸ ಮಾಡುತ್ತಿದ್ದೆ. ಮಡಿಸುತ್ತಾ ಮಡಿಸುತ್ತಾ ಓದಿದೆ. ಪುಸ್ತಕಗಳ ಹದಿನೇಳನೇ ಪುಟ, ಮೂವತ್ತಮೂರನೇ ಪುಟ ಹೀಗೆ ನಡುನಡುವೆ ಓದಿದ್ದೇ ನನ್ನ ವಿದ್ಯೆ. ನನ್ನಷ್ಟು ಬೇಗ ಮಡಿಸುವವಳು ಅಲ್ಲಿ ಇನ್ನೊಬ್ಬಳಿರಲಿಲ್ಲ. ಬೈಂಡಿಂಗ್ ಯಜಮಾನರು ಹೊಸಬರನ್ನು ಕರೆದು, "ಇವಳ ಕೈ ನೋಡಿ ಕಲೀರಿ" ಅನ್ನುತ್ತಿದ್ದರು. ಮದುವೆಯಾಯಿತು, ಬಿಟ್ಟೆ. ಬಿಡು ಅಂತ ಯಾರೂ ಹೇಳಲಿಲ್ಲ, ಬಿಡಬೇಡ ಅಂತಲೂ ಯಾರೂ ಹೇಳಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಮಫ್ಲರಿನ ವಿಷಯ. ಮದುವೆಯಾದ ಎರಡನೇ ಚಳಿಗಾಲದಲ್ಲಿ ನಾನು ಅವರಿಗೆ ಕಂದು ಬಣ್ಣದ ಉಣ್ಣೆ ತಂದು ಒಂದು ಮಫ್ಲರ್ ಹೆಣೆದೆ. ಹೆಣಿಗೆ ಕಲಿತದ್ದೇ ಅದಕ್ಕೋಸ್ಕರ. ಎಲ್ಲಿ ಎಳೆ ಬಿಟ್ಟುಕೊಳ್ಳುತ್ತದೋ ಅನ್ನುವ ಭಯಕ್ಕೆ ಹೆಣಿಗೆಯ ಒಂದೊಂದು ಕಣ್ಣನ್ನೂ ಬಿಗಿಯಾಗಿ ಎಳೆದು ಎಳೆದು ಹೆಣೆದೆ. ಅವರು ಒಂದೇ ಬೆಳಿಗ್ಗೆ ಹಾಕಿಕೊಂಡರು. "ಚುಚ್ಚುತ್ತೆ ಕಣೇ" ಅಂದರು. ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ಅದರ ಮಾತು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಎತ್ತಲಿಲ್ಲ ಅಂದರೆ ಮರೆತೆ ಅಂತ ಅಲ್ಲ.

ಈಗ ಸವತಿಯ ವಿಷಯಕ್ಕೆ ಬರುತ್ತೇನೆ.

ಆ ವರ್ಷದ ಮೊದಲ ಮಳೆ ಬಿದ್ದು ನಿಂತ ಸಂಜೆ. ದೀಪಕ್ಕೆ ರೆಕ್ಕೆಯ ಹುಳಗಳು ಮುತ್ತಿಕೊಂಡಿದ್ದವು. ನಾನು ಒಳಗೆ ಪಾತ್ರೆ ಉಜ್ಜುತ್ತಿದ್ದೆ. ಅಂಗಡಿಯಿಂದ ಕೂಗು ಬಂತು. "ಲೇ! ಬೇಗ ಬಾರೇ ಇಲ್ಲಿ!"

ಅಷ್ಟು ವರ್ಷದಲ್ಲಿ ಆ ಗಂಟಲಿಂದ ಆ ಥರದ ಕೂಗು ಕೇಳಿರಲಿಲ್ಲ. ಬೆರಳು ಕುಯ್ದುಕೊಂಡರೋ ಏನೋ ಅಂತ ಒದ್ದೆ ಕೈಯಲ್ಲೇ ಓಡಿದೆ. ಅವರು ಮೇಜಿನ ಮೇಲೆ ಬಗ್ಗಿದ್ದರು. ಒಂದು ಗಡಿಯಾರದ ಬಿಚ್ಚಿದ ಚಕ್ರಗಳ ಮಧ್ಯೆ ಕಪ್ಪು ಗೊದ್ದ ಕೂತಿತ್ತು. ಮಾಮೂಲಿ ಇರುವೆಗಿಂತ ನಾಲ್ಕರಷ್ಟು ದೊಡ್ಡದು, ಹಿಂಭಾಗ ಹೊಳೆಯುತ್ತಿತ್ತು.

"ನೋಡು, ತನ್ನ ರೆಕ್ಕೆ ತಾನೇ ಕಿತ್ತು ಹಾಕ್ತಿದ್ದಾಳೆ. ಕಾಲಲ್ಲಿ ಒತ್ತಿ ಒತ್ತಿ, ಬುಡದಲ್ಲೇ ಮುರೀತಿದ್ದಾಳೆ."

ಮುರೀತಿದ್ದಾಳೆ! ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಬೆಳೆದ ಬೆಕ್ಕನ್ನು ಕೂಡ ಅವರು "ಅದು" ಅಂತಲೇ ಕರೆಯುತ್ತಿದ್ದರು.

"ಇದಕ್ಕಾ ಕರೆದಿದ್ದು? ನಾನು ಏನೋ ಆಯ್ತು ಅಂತ ಓಡಿ ಬಂದೆ."

"ಎಷ್ಟು ಅಚ್ಚುಕಟ್ಟಾಗಿ ಮುರೀತಾಳೆ ನೋಡೇ. ಚೂರೂ ಹರೀಲಿಲ್ಲ."

ನಾನೂ ಒಂದು ದಿನ ಕಿತ್ತು ಹಾಕಿಯೇ ಈ ಮನೆಗೆ ಬಂದದ್ದು, ಅದನ್ನು ಯಾರು ಗಾಜು ಇಟ್ಟು ನೋಡಿದರು? ಪಾತ್ರೆ ಉಜ್ಜಲು ಹೋದೆ. ಆ ದಿನ ಪಾತ್ರೆಗಳು ತುಂಬಾ ಬೆಳ್ಳಗಾದವು.

ಮಾರನೇ ದಿನ ಸ್ಕೂಲಿನ ವಿಜ್ಞಾನದ ಟೀಚರಮ್ಮ ತನ್ನ ಕೈಗಡಿಯಾರ ತೆಗೆದುಕೊಂಡು ಹೋಗಲು ಬಂದಳು. ಅಷ್ಟು ಹೊತ್ತಿಗೆ ನಮ್ಮವರು ಆ ಗೊದ್ದವನ್ನು ಕೈಗಡಿಯಾರದ ಬೆಲ್ಟಿನ ಖಾಲಿ ಡಬ್ಬಿಯಲ್ಲಿ ಇಟ್ಟಿದ್ದರು. ಟೀಚರಮ್ಮ ಡಬ್ಬಿ ನೋಡಿದ್ದೇ ತಡ, ಕೈಗಡಿಯಾರ ಮರೆತಳು.

"ಅಯ್ಯೋ ಯಜಮಾನ್ರೇ, ಇದು ರಾಣಿ! ಇನ್ನು ಇವಳು ಹಾರಲ್ಲ. ಗಂಡು ಆಗಲೇ ಸತ್ತಿರುತ್ತೆ. ಒಬ್ಬಳೇ ಕತ್ತಲಲ್ಲಿ ಕೂತು ಮೊಟ್ಟೆ ಇಡ್ತಾಳೆ. ಒಂದು ಗೂಡು ಪೂರ್ತಿ ಇವಳೊಬ್ಬಳಿಂದ್ಲೇ ಆಗುತ್ತೆ."

"ಊಟಕ್ಕೆ ಏನು ಕೊಡಬೇಕು?" ಅಂದರು ನಮ್ಮವರು.

"ಏನೂ ಬೇಡ. ರೆಕ್ಕೆ ಆಡಿಸೋ ಮಾಂಸ ಇರುತ್ತಲ್ಲ, ಅದೇ ಒಳಗೊಳಗೆ ಕರಗಿ ಅವಳಿಗೂ ಮೊದಲನೇ ಮಕ್ಕಳಿಗೂ ಊಟ. ಸ್ವಲ್ಪ ನೀರು, ಪೂರ್ತಿ ಕತ್ತಲೆ. ಅಲುಗಾಡಿಸಬಾರದು, ಪದೇ ಪದೇ ನೋಡಬಾರದು. ಅವಳ ಪಾಡಿಗೆ ಬಿಟ್ಟುಬಿಡಬೇಕು."

"ಹೆಣ್ಣನ್ನ ಅವಳ ಪಾಡಿಗೆ ಬಿಡೋದು ಇವರಿಗೆ ಹೇಳಿಕೊಡಬೇಕಾಗಿಲ್ಲ ಟೀಚರಮ್ಮ, ಚೆನ್ನಾಗಿ ಬರುತ್ತೆ" ಅಂದೆ ಬಾಗಿಲಲ್ಲಿ ನಿಂತು.

ಟೀಚರಮ್ಮ ನಕ್ಕಳು. ಅವರಿಗೆ ಕೇಳಿಸಲೇ ಇಲ್ಲ.

ಸಂಜೆ ಅವಳು ಸ್ಕೂಲಿನಿಂದ ಒಂದು ಗಾಜಿನ ಕೊಳವೆ ತಂದುಕೊಟ್ಟಳು. ತಳದಲ್ಲಿ ನೀರು ಹಾಕಿ, ಅದರ ಮೇಲೆ ಹತ್ತಿಯ ಬಿರಡೆ ಒತ್ತಿ, ಇತ್ತ ಕಡೆ ರಾಣಿಯನ್ನು ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿ. ಕತ್ತಲೆಗೆ ಏನಾದರೂ ದಪ್ಪ ಬಟ್ಟೆ ಸುತ್ತಿ ಅಂದಳು. ನಮ್ಮವರು ಎದ್ದರು. ತನ್ನ ಒಗೆದ ಅಂಗಿ ಎಲ್ಲಿದೆ ಅಂತ ಒಂದು ದಿನವೂ ಗೊತ್ತಿಲ್ಲದ ಮನುಷ್ಯ ನೇರ ಒಳಕೋಣೆಗೆ ಹೋಗಿ, ಟ್ರಂಕು ತೆಗೆದು, ತಳಕ್ಕೆ ಕೈ ಹಾಕಿ, ಆ ಕಂದು ಮಫ್ಲರ್ ಎಳೆದು ತಂದು, ಕೊಳವೆಗೆ ನಾಲ್ಕು ಸುತ್ತು ಸುತ್ತಿ ನಡುವಿನ ಡ್ರಾಯರಿನಲ್ಲಿ ಮಲಗಿಸಿದರು.

ನನ್ನ ಗಂಡನ ಕುತ್ತಿಗೆಗೆ ಚುಚ್ಚಿದ್ದು ಅವಳಿಗೆ ಮೆತ್ತಗಾಯಿತು.

ಎದುರು ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದಳು, ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಮಾರನೇ ದಿನ ಕೇಳಿದಳು, "ಏನಕ್ಕಾ, ಮುಖ ಯಾಕೆ ಊದಿಸ್ಕೊಂಡಿದೀಯ?"

"ಸವತಿ ಬಂದಿದ್ದಾಳೆ."

ಅವಳ ಕೈಯ ಕತ್ತರಿ ಬಟ್ಟೆಯ ಮಧ್ಯೆಯೇ ನಿಂತಿತು. "ಏನಂದೆ? ಒಂಟಿಗಣ್ಣಪ್ಪನಿಗಾ? ಯಾರೇ ಅವಳು? ನೋಡೋಕೆ ಹೆಂಗಿದಾಳೆ?"

"ಕರ್ರಗಿದ್ದಾಳೆ. ಸೊಂಟ ದಾರದ ಎಳೆ."

"ಅಯ್ಯೋ ನನ್ನಮ್ಮಾ! ಎಲ್ಲಿಟ್ಟಿದಾರೆ?"

"ಡ್ರಾಯರ್‌ನಲ್ಲಿ."

ವಿಷಯ ಗೊತ್ತಾದ ಮೇಲೆ ಅವಳು ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕಳು. ಸಂಜೆಯೊಳಗೆ ಇಡೀ ಬೀದಿ ನಕ್ಕಿತು. ಮಣ್ಣಿನ ಸವತಿಯನ್ನೂ ಸಹಿಸೋಕಾಗಲ್ಲ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ನನ್ನ ಸವತಿ ಮಣ್ಣಿನವಳೂ ಅಲ್ಲ, ಜೀವ ಇದ್ದವಳು.

ಭಾನುವಾರ ಹತ್ತು ಗಂಟೆಗೆ ಅವರು ಡ್ರಾಯರ್ ಎಳೆಯುತ್ತಿದ್ದರು. ಅದಕ್ಕೆ ಮುಂಚೆ ಸ್ನಾನ! ಟಾರ್ಚಿಗೆ ಕೆಂಪು ಕಾಗದ ಕಟ್ಟಿ, ಮಫ್ಲರನ್ನು ಎರಡೇ ಬೆರಳಷ್ಟು ಸರಿಸಿ, ಉಸಿರು ಹಿಡಿದು ನೋಡುತ್ತಿದ್ದರು. "ಏಳು ಮೊಟ್ಟೆ ಕಣೇ" ಅಂತ ಒಳಗೆ ಬಂದು ಹೇಳಿದ ದಿನ ಅವರ ಮುಖ ನೋಡಬೇಕಿತ್ತು. ನಮ್ಮ ಮಗಳು ಹುಟ್ಟಿದ ದಿನ ಈ ಮುಖ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆಗ ನನಗೆ ಎಚ್ಚರ ಇರಲಿಲ್ಲ.

ಅವರು ಊಟ ಮಾಡಿ ಮಧ್ಯಾಹ್ನ ಒಂದು ಗಂಟೆ ಮಲಗುತ್ತಿದ್ದರು. ನಡುಕೋಣೆಯ ಚಾಪೆಗೆ ತಲೆ ತಾಗಿದ್ದೇ ತಡ, ಗೋಡೆಯ ಹದಿನಾಲ್ಕೂ ಗಡಿಯಾರದ ಸದ್ದಿನಲ್ಲಿ ಕಲ್ಲಿನ ಹಾಗೆ ನಿದ್ದೆ. ಒಂದು ಮಧ್ಯಾಹ್ನ ನಾನು ಡ್ರಾಯರ್ ಎಳೆದೆ. ಅವಳಲ್ಲಿ ಏನಿದೆ ನೋಡೋಣ ಅಂತ, ಅಷ್ಟೇ. ಮಫ್ಲರ್ ಪೂರ್ತಿ ಬಿಚ್ಚಿ ಕೊಳವೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಅವಳು ಗಾಬರಿಬಿದ್ದು ಅತ್ತ ಇತ್ತ ಓಡಿದಳು. ಉಗುರಿನಲ್ಲಿ ಗಾಜಿಗೆ ಟಕ್ ಟಕ್ ಅಂತ ಹೊಡೆದೆ. "ಏನು, ಮಹಾರಾಣಿಯೋರಿಗೆ ನಿದ್ದೆ ಚೆನ್ನಾಗಿ ಬಂತಾ?" ಅಂದೆ. ಎದೆಯೊಳಗೆ ತಣ್ಣಗಾಯಿತು. ಮಾರನೇ ದಿನವೂ ಹೋದೆ. ಆಮೇಲೆ ಅದು ಅಭ್ಯಾಸವೇ ಆಯಿತು, ಕೆಲವರಿಗೆ ಊಟ ಆದ ಮೇಲೆ ಬಾಯಿಗೆ ಏನಾದರೂ ಹಾಕಿಕೊಳ್ಳಬೇಕು ಅನ್ನಿಸುವ ಹಾಗೆ. ಕೊಲ್ಲಬೇಕು ಅಂತ ಮನಸ್ಸಿನಲ್ಲಿ ಇರಲಿಲ್ಲ. ಬೈಯಬೇಕಿತ್ತು. ಅವರನ್ನು ಬೈದರೆ ಕೇಳಿಸುತ್ತಿರಲಿಲ್ಲ, ಇವಳಿಗೆ ಕೇಳಿಸುತ್ತಿತ್ತು.

ಮೂರನೇ ಭಾನುವಾರ ಅವರು ಕೊಳವೆ ಹಿಡಿದು ತುಂಬಾ ಹೊತ್ತು ಕೂತರು. ಮೊಟ್ಟೆ ಇರಲಿಲ್ಲ, ಒಂದೂ. ರಾಣಿ ಹತ್ತಿಯ ಮೂಲೆಗೆ ಅಂಟಿಕೊಂಡಿದ್ದಳು.

ಟೀಚರಮ್ಮನನ್ನು ಕರೆಸಿದರು. ಅವಳು ನೋಡಿ ಹೇಳಿದಳು, "ತಿಂದುಬಿಟ್ಟಿದ್ದಾಳೆ ಯಜಮಾನ್ರೇ. ಭಯ ಆದರೆ ಹಾಗೆ ಮಾಡ್ತವೆ. ಈ ಜಾಗ ಸರಿಯಿಲ್ಲ ಅಂತ ಅನ್ನಿಸಿದರೆ ತಮ್ಮ ಮೊಟ್ಟೆ ತಾವೇ ತಿಂತವೆ. ಬೆಳಕೋ, ಅದುರೋದೋ, ಏನೋ ಒಂದು ಅವಳಿಗೆ ತೊಂದರೆ ಕೊಡ್ತಿದೆ."

"ಬೆಳಕಿಲ್ಲ. ನಾನು ವಾರಕ್ಕೊಂದು ಸಲ ಕೆಂಪು ಕಾಗದದಲ್ಲಿ ನೋಡೋದು."

"ಹಾಗಾದ್ರೆ ಅದುರೋದೇ ಇರಬೇಕು."

ಅವರು ತಲೆ ಎತ್ತಿ ಗೋಡೆ ನೋಡಿದರು. ಹದಿನಾಲ್ಕು ಗಡಿಯಾರ ಟಿಕ್ ಟಿಕ್ ಅನ್ನುತ್ತಿದ್ದವು. ಅವರ ಜೀವಮಾನದ ಕೆಲಸ ಅದು, ಒಂದೊಂದನ್ನೂ ಬಿಚ್ಚಿ ಕಟ್ಟಿ ನಡೆಸಿದ್ದು ಅವರೇ. "ಇವುಗಳಿಂದ" ಅಂದರು. "ಇವುಗಳ ಕೆಳಗೇ ಅವಳನ್ನ ಇಟ್ಟೆನಲ್ಲ, ನಾನೆಂಥ ದಡ್ಡ."

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಡ್ರಾಯರ್ ಬೇರೆ ಕಡೆ ಇಡಿ ಅನ್ನಬಹುದಿತ್ತು, ಅದೂ ಅನ್ನಲಿಲ್ಲ. ಅಲುಗಾಡಿಸಬಾರದು ಅಂತ ಟೀಚರಮ್ಮ ಹೇಳಿದ್ದಳಲ್ಲ, ಹಾಗಾಗಿ ಅವಳನ್ನು ಎತ್ತಿಡುವುದಕ್ಕಿಂತ ಗಡಿಯಾರ ನಿಲ್ಲಿಸುವುದೇ ವಾಸಿ ಅಂತ ಅವರು ತೀರ್ಮಾನ ಮಾಡಿದರು. ಒಂದೊಂದರ ಬಾಗಿಲು ತೆಗೆದು ಪೆಂಡುಲಂ ಅನ್ನು ಎರಡು ಬೆರಳಲ್ಲಿ ಹಿಡಿದರು, ನಾಡಿ ನೋಡುವ ಹಾಗೆ. ನಿಂತಿತು. ಮುಂದಿನದು ನಿಂತಿತು. ಹದಿನಾಲ್ಕೂ ನಿಂತವು. ಆಮೇಲೆ ನಡುಕೋಣೆಗೆ ಬಂದರು. ಅಲ್ಲಿ ನನ್ನ ತವರಿನಿಂದ ಬಂದ ಗಡಿಯಾರ ಇತ್ತು, ಗಂಟೆ ಹೊಡೆಯುವಂಥದ್ದು.

"ಅದನ್ನ ಮುಟ್ಟಬೇಡಿ. ಅದು ನಮ್ಮಮ್ಮಂದು. ಅದರ ಗಂಟೆ ಕೇಳೇ ನಾನು ಒಲೆ ಹಚ್ಚೋದು."

"ಒಂದೆರಡು ತಿಂಗಳು ಕಣೇ. ಮಕ್ಕಳು ಹುಟ್ಟೋವರೆಗೆ."

ನಿಲ್ಲಿಸಿಯೇಬಿಟ್ಟರು.

ಗಡಿಯಾರದ ಅಂಗಡಿಯಲ್ಲಿ ಒಂದೂ ಗಡಿಯಾರ ಓಡುತ್ತಿಲ್ಲ ಅಂದರೆ ಜನ ಏನನ್ನುತ್ತಾರೆ? ಪೋಸ್ಟ್‌ಮ್ಯಾನ್ ಬಂದು, "ಏನು ಯಜಮಾನ್ರೇ, ಡಾಕ್ಟ್ರ ಮನೆ ತುಂಬ ಹೆಣವೇ ಇದ್ದರೆ ರೋಗಿ ಯಾರು ಬರ್ತಾರೆ?" ಅಂದ. ರಿಪೇರಿಗೆ ಕೊಟ್ಟವರು ಇಣುಕಿ ನೋಡಿ, ತಮ್ಮದನ್ನು ಹಾಗೇ ವಾಪಸ್ ಒಯ್ದರು. ಟೈಲರಮ್ಮ ಎದುರಿಂದಲೇ ಕೂಗುತ್ತಿದ್ದಳು, "ಅಕ್ಕಾ, ನಿಮ್ಮನೇಲಿ ಗಂಟೆ ಎಷ್ಟು?" ಅವರು ಯಾವುದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. ಅವಳಿಗೋಸ್ಕರ ಅಂಗಡಿಯ ಮಾನವನ್ನೇ ಬಿಟ್ಟರು. ನನಗೋಸ್ಕರ ಒಂದು ಮಫ್ಲರ್ ಸಹಿಸಿಕೊಂಡಿರಲಿಲ್ಲ.

ರಾಣಿ ಮತ್ತೆ ಮೊಟ್ಟೆಯಿಟ್ಟಳು, ಐದು. ಟೀಚರಮ್ಮ ಖುಷಿಪಟ್ಟಳು, ಆದರೆ ಹೋಗುವಾಗ ಒಂದು ಮಾತು ಹೇಳಿದಳು. "ಇದು ಕೊನೇ ಅವಕಾಶ ಅಂದ್ಕೊಳ್ಳಿ. ಹೊಟ್ಟೆ ಆಗಲೇ ಸಣ್ಣಗಾಗಿದೆ. ಇದನ್ನೂ ತಿಂದುಬಿಟ್ಟರೆ ಇನ್ನೊಂದು ಸಲಕ್ಕೆ ಮೈಯಲ್ಲಿ ಏನೂ ಉಳಿದಿರಲ್ಲ. ಸತ್ತುಹೋಗ್ತಾಳೆ."

ನನಗೂ ಕೇಳಿಸಿತು. ಗಡಿಯಾರ ನಿಂತಾಗಿನಿಂದ ಹೆದರಿ ಆ ಡ್ರಾಯರಿನ ಹತ್ತಿರ ಹೋಗಿರಲಿಲ್ಲ, ಇನ್ನು ಮುಂದೆಯೂ ಹೋಗಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ಮತ್ತೂ ಒಂಬತ್ತು ದಿನ ಹೋಗಲಿಲ್ಲ. ಗಡಿಯಾರ ಇಲ್ಲದ ಮನೆಯಲ್ಲಿ ಒಂಬತ್ತು ದಿನ ಎಷ್ಟು ಉದ್ದ ಅಂತ ಹೇಳಲು ಬಾರದು. ಅದರ ಮೇಲೆ ಹತ್ತನೇ ದಿನ, ನಾನು ಒಲೆಯಿಂದ ಪಾತ್ರೆ ಇಳಿಸಿದಾಗ ಅವರು ಅಂಗಡಿಯಿಂದ ಎದ್ದು ಬಂದರು. ಅಡುಗೆಮನೆಯ ಹೊಸ್ತಿಲಿಗೆ ಅವರು ಬಂದದ್ದೇ ಅಪರೂಪ.

"ಸ್ವಲ್ಪ ಮೆಲ್ಲಗೆ ಇಡ್ತೀಯಾ? ಅವಳಿಗೆ ಅದುರುತ್ತೆ."

ಸರಿ ಅಂದೆ. ಅನ್ನುವಾಗಲೇ ಕಿವಿ ಬಿಸಿಯಾಗಿತ್ತು. ನನ್ನ ಒಲೆ, ನನ್ನ ಪಾತ್ರೆ, ನನ್ನ ಮನೆ, ಅದರಲ್ಲಿ ನಾನು ತುದಿಗಾಲಲ್ಲಿ ನಡೆಯಬೇಕು!

ಆ ಮಧ್ಯಾಹ್ನ ಅವರು ಮಲಗಿದರು. ನಾನು ಕಾದು ನೋಡಿ, ಹೋಗಿ ಡ್ರಾಯರ್ ಎಳೆದೆ. ಕಿರ್ ಅಂತು. ಅದಕ್ಕೆ ಅಂಥ ಸದ್ದಿದೆ ಅಂತ ನನಗೆ ಗೊತ್ತೇ ಇರಲಿಲ್ಲ, ಯಾವಾಗಲೂ ಗಡಿಯಾರಗಳ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಆದರೂ ಕೈ ನಿಲ್ಲಲಿಲ್ಲ. ಮಫ್ಲರ್ ಬಿಚ್ಚಿ ಕಿಟಕಿಗೆ ಹಿಡಿದೆ.

"ನೋಡೇ ಇಲ್ಲಿ. ನಿನಗೋಸ್ಕರ ನಮ್ಮಮ್ಮನ ಗಡಿಯಾರ ನಿಂತಿದೆ, ಗೊತ್ತಾ? ನೀನು ಒಂದು ರೆಕ್ಕೆ ಕಿತ್ಕೊಂಡೆ, ಊರಿಗೆಲ್ಲ ಹೇಳಿದರು. ನಾನು ಕಿತ್ಕೊಂಡಾಗ ಇವರು ಯಾರದೋ ಗಡಿಯಾರದಲ್ಲಿ ಮುಖ ಹಾಕಿದ್ದರು. ಮೂವತ್ತೆರಡು ವರ್ಷ ನಾನೂ ಕತ್ತಲಲ್ಲೇ ಕೂತಿದೀನಿ. ನನಗೆ ಯಾರೂ ಕೆಂಪು ಕಾಗದ ಕಟ್ಟಿ ನೋಡ್ಲಿಲ್ಲ. ಅದೂ ನಾನು ಹೆಣೆದ ಮಫ್ಲರ್ ಹೊದ್ದುಕೊಂಡು..."

"ಬೆಳಕಿಂದ ಈಚೆಗೆ ತಾ."

ಅವರು ಬಾಗಿಲಲ್ಲಿ ನಿಂತಿದ್ದರು. ನಿದ್ದೆ ಮಾಡಿರಲಿಲ್ಲ. ಗಡಿಯಾರಗಳ ಸದ್ದಿಲ್ಲದೆ ಆ ಮನುಷ್ಯನಿಗೆ ನಿಲ್ಲಿಸಿದ ದಿನದಿಂದಲೂ ಮಧ್ಯಾಹ್ನದ ನಿದ್ದೆಯೇ ಬರುತ್ತಿರಲಿಲ್ಲವಂತೆ. ಸುಮ್ಮನೆ ಕಣ್ಣು ಮುಚ್ಚಿ ಬಿದ್ದಿರುತ್ತಿದ್ದರಂತೆ. ನನಗೆ ಅದು ತಿಳಿದಿರಲಿಲ್ಲ.

ನಾನು ಕೊಳವೆಯನ್ನು ನೆರಳಿಗೆ ತಂದೆ. ಅವರು ಭೂತಗನ್ನಡಿ ಹುಡುಕಿ ಕಣ್ಣಿಗೆ ಇಟ್ಟುಕೊಂಡರು. ಕೊಳವೆಯ ಮೇಲೆ ಬಗ್ಗಿದರು. ರಾಣಿ ಮೊಟ್ಟೆಗಳನ್ನೆಲ್ಲ ಒಂದೇ ಗೊಂಚಲು ಮಾಡಿ ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು. ತಿನ್ನುತ್ತಾಳೋ ಕಾಯುತ್ತಾಳೋ ಹೇಳಲು ಆಗುತ್ತಿರಲಿಲ್ಲ.

"ಎಷ್ಟು ದಿನದಿಂದ?"

"ಮೊದಲಿಂದ."

"ಆವತ್ತಿನ ಏಳು ಮೊಟ್ಟೆ?"

ನನಗೆ ಅಳು ಬಂತು, ಅಳುವಿನ ಜೊತೆ ಬಾಯಿ ಬಂತು. "ನನ್ನ ಮಫ್ಲರ್ ನಿಮಗೆ ಚುಚ್ಚುತ್ತೆ. ಅವಳಿಗೆ ಸುತ್ತೋಕೆ ಮಾತ್ರ ಅದು ಎಲ್ಲಿದೆ ಅಂತ ನೆನಪಿತ್ತು, ಅಲ್ವಾ?"

ಅವರು ನನ್ನನ್ನು ನೋಡಿದರು. ನಿಜವಾಗಿ ತಿಳಿಯದ ಮುಖ ಅದು. "ಅದೊಂದೇ ಕಣೇ ಬೆಳಕು ತೂರದ ಬಟ್ಟೆ. ಅವತ್ತು ಟೀಚರಮ್ಮ ಕೊಳವೆ ತರೋಕೆ ಮುಂಚೇನೇ, ನೀನು ಹಿತ್ತಲಲ್ಲಿದ್ದಾಗ ಮನೇಲಿ ಇರೋದೆಲ್ಲ ದೀಪಕ್ಕೆ ಹಿಡಿದು ನೋಡಿದ್ದೆ, ಅಂಗಿ, ಹೊದಿಕೆ, ಎಲ್ಲದರಲ್ಲೂ ಬೆಳಕು ಬರುತ್ತೆ. ನಿನ್ನದರಲ್ಲಿ ಒಂದು ಚುಕ್ಕೆ ಬರಲ್ಲ. ಅಷ್ಟು ಬಿಗಿ ಹೆಣೆದಿದೀಯ. ಹಾಕ್ಕೊಂಡರೆ ಕತ್ತು ತಿರುಗಲ್ಲ, ಅದು ಬೇರೆ ಮಾತು."

ಇದನ್ನು ಹೊಗಳಿಕೆ ಅಂದುಕೊಳ್ಳಬೇಕೋ ಬೈಗುಳ ಅಂದುಕೊಳ್ಳಬೇಕೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲೆ ಅವರು ಕೂಗಾಡಲಿಲ್ಲ. ಕೀಲಿ ತೆಗೆದುಕೊಂಡು ಗೋಡೆಯ ಹತ್ತಿರ ಹೋದರು. ಮೊದಲನೇ ಗಡಿಯಾರಕ್ಕೆ ಕೀಲಿ ಕೊಟ್ಟು ಪೆಂಡುಲಂ ತಳ್ಳಿದರು. ಟಿಕ್. ಎರಡನೆಯದು. ಮೂರನೆಯದು. ಗಡಿಯಾರಗಳದ್ದು ತಪ್ಪಿಲ್ಲ ಅಂತ ಗೊತ್ತಾಯಿತಲ್ಲ, ಇನ್ನು ಯಾಕೆ ನಿಲ್ಲಿಸಬೇಕು? ಒಂದೊಂದು ಓಡತೊಡಗಿದಾಗಲೂ ಕೆನ್ನೆಗೆ ಬಿದ್ದ ಹಾಗಾಗುತ್ತಿತ್ತು. ಹದಿನಾಲ್ಕು ಏಟು. ಕೊನೆಗೆ ನಡುಕೋಣೆಯಲ್ಲಿ ಅಮ್ಮನ ಗಡಿಯಾರ.

ಮುಗಿಸಿ ಬಂದು ಕೊಳವೆಗೆ ಮಫ್ಲರ್ ಸುತ್ತಿದರು. ಡ್ರಾಯರಿಗೆ ಬೀಗ ಹಾಕುತ್ತಾರೆ ಅಂದುಕೊಂಡೆ. ನನ್ನ ಕೈಗೆ ಕೊಟ್ಟರು.

"ನೀನೇ ಇಟ್ಕೋ."

"ನಾನಾ?"

"ಈ ಮನೇಲಿ ನಿನ್ನ ಕೈಗೆ ಸಿಗದ ಜಾಗ ಒಂದೂ ಇಲ್ಲ. ಎಲ್ಲಿಟ್ಟರೂ ನೀನು ಹೋಗ್ತೀಯ. ಅವಳು ಉಳೀಬೇಕು ಅಂದ್ರೆ ನಿನ್ನ ಹತ್ರಾನೇ ಇರಬೇಕು."

ಕಳ್ಳನ ಕೈಗೆ ಬೀಗದ ಕೈ! ಕೊಟ್ಟು ಹೋಗಿ ಮಲಗಿದರು. ಎರಡೇ ನಿಮಿಷಕ್ಕೆ ಗೊರಕೆ.

ನಾನು ಅವಳನ್ನು ಟ್ರಂಕಿನಲ್ಲಿ, ಬಟ್ಟೆಗಳ ಕೆಳಗೆ, ಮಫ್ಲರ್ ಮೊದಲಿಂದ ಇದ್ದ ಜಾಗದಲ್ಲೇ ಇಟ್ಟೆ. ಮುಂದಿನ ಭಾನುವಾರದವರೆಗೆ ನನಗೆ ಅನ್ನ ಇಳಿಯಲಿಲ್ಲ. ಇವಳು ಸತ್ತರೆ ಅವರು ಏನೂ ಅನ್ನುವುದಿಲ್ಲ ಅಂತ ಗೊತ್ತಿತ್ತು. ಅದೇ ಭಯ. ಏನೂ ಅನ್ನದೆ ಮತ್ತೆ ಗಾಜು ಕಣ್ಣಿಗಿಟ್ಟುಕೊಂಡು, ಇನ್ನು ಎಂದೆಂದಿಗೂ ಮಂಜು.

ಭಾನುವಾರ ಇಬ್ಬರೂ ಟ್ರಂಕಿನ ಮುಂದೆ ಕೂತೆವು. ಐದಿದ್ದದ್ದು ನಾಲ್ಕಾಗಿತ್ತು. ನಾಲ್ಕಿದ್ದವು! ಅವಳು ಒಂದನ್ನು ತಿಂದು ನಾಲ್ಕನ್ನು ಉಳಿಸಿಕೊಂಡಿದ್ದಳು.

ಅಲ್ಲಿಂದ ನಾನು ಹೇಗೆ ಕಾದೆ ಅಂತೀರಾ! ಟ್ರಂಕಿನ ಹತ್ತಿರ ಕಸ ಗುಡಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ಮಗಳು ಬಂದವಳು ಅದರ ಮೇಲೆ ಕೂರಲು ಹೋದಳು. "ಏಳೇ ಮೇಲೆ!" ಅಂತ ಕೂಗಿದೆ. "ಅಪ್ಪನಿಗೆ ಹಿಡಿದದ್ದು ನಿನಗೂ ಅಂಟ್ತಾ ಅಮ್ಮಾ? ಹೋದ ತಿಂಗಳು ಫೋನಿನಲ್ಲಿ ಅವಳನ್ನ ಹೊಸಕಿ ಹಾಕ್ತೀನಿ ಅಂತಿದ್ದೆ" ಅಂದಳು. ನಮ್ಮವರು ನಡುವಾರದಲ್ಲಿ ಒಂದು ದಿನ ಬಂದು, "ಒಂಚೂರು ನೋಡಲಾ?" ಅಂದರು. "ಭಾನುವಾರ ಬನ್ನಿ" ಅಂದೆ. ಗಿರಾಕಿಗೆ ಅವರು ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದೆ. ಅವರು ವಾಪಸ್ ಹೋದರು. ಆ ದಿನ ಊಟ ಸೊಗಸಾಗಿ ಸೇರಿತು.

ಮೊಟ್ಟೆ ಹುಳುವಾಯಿತು, ಹುಳು ಅಕ್ಕಿಕಾಳಿನಂಥ ಗೂಡು ಸುತ್ತಿಕೊಂಡಿತು. ಒಂದೊಂದನ್ನೂ ಅವಳು ನೆಕ್ಕಿ ನೆಕ್ಕಿ ಇಡುತ್ತಿದ್ದಳು. ಅವಳ ಹೊಟ್ಟೆ ಒಣಗಿ ಕಡ್ಡಿಯಾಗಿತ್ತು. ಒಂದು ಬುಧವಾರ ಬೆಳಿಗ್ಗೆ ನಾನು ನಿಯಮ ಮುರಿದು, ಮಫ್ಲರ್ ಎರಡು ಬೆರಳು ಸರಿಸಿದೆ. ಒಂದು ಗೂಡು ಹರಿದಿತ್ತು. ಪಕ್ಕದಲ್ಲಿ ಒಬ್ಬ ಮಗಳು ನಿಂತಿದ್ದಳು. ಎಷ್ಟು ಚಿಕ್ಕವಳು ಅಂದರೆ ತಾಯಿಯ ಕಾಲಿನಷ್ಟೂ ಇಲ್ಲ, ಬಣ್ಣ ಇನ್ನೂ ತಿಳಿಹಳದಿ. ನಿಲ್ಲಲು ಬಾರದೆ ತೂರಾಡುತ್ತಿದ್ದಳು. ತಾಯಿ ಅವಳ ಮುಖ ಒರೆಸುತ್ತಿದ್ದಳು.

ಅವರು ಅಂಗಡಿಯಲ್ಲೇ ಇದ್ದರು, ಹತ್ತು ಹೆಜ್ಜೆ ದೂರ. ನಾನು ಕೂಗಲಿಲ್ಲ. ಮಫ್ಲರ್ ಮುಚ್ಚಿ, ಹೋಗಿ ಅಡುಗೆ ಮಾಡಿ, ಅವರಿಗೆ ಬಡಿಸಿ, ಅವರು ಮಲಗಿ ಏಳುವವರೆಗೆ ತುಟಿ ಬಿಚ್ಚಲಿಲ್ಲ. ಅಷ್ಟು ಹೊತ್ತು ಅವಳು ನನಗೆ ಮಾತ್ರ ಗೊತ್ತಿದ್ದಳು. ಅವರಿಗೆ ಕೊಡಲು ಮನಸ್ಸೇ ಬರಲಿಲ್ಲ. ಯಾರ ಮೇಲೆ ಯಾರಿಗೆ ಹೊಟ್ಟೆಕಿಚ್ಚು ಅಂತ ನನಗೇ ಲೆಕ್ಕ ತಪ್ಪಿತ್ತು.

ಅಮ್ಮನ ಗಡಿಯಾರ ನಾಲ್ಕು ಹೊಡೆಯಿತು. "ರೀ, ಬೇಗ ಬನ್ನಿ ಇಲ್ಲಿ" ಅಂದೆ.

ಓಡಿ ಬಂದರು. ಟ್ರಂಕಿನ ಮೇಲೆ ಬಗ್ಗಿದರು, ನಾನೂ ಬಗ್ಗಿದೆ. ಅವರ ಕಿವಿ ನನ್ನ ಕಿವಿಗೆ ತಾಗುತ್ತಿತ್ತು. ತುಂಬಾ ಹೊತ್ತು ಗಾಜಿನಿಂದ ನೋಡಿ, ಹಾಗೇ ಗಾಜು ತೆಗೆಯದೆ ನನ್ನ ಕಡೆ ತಿರುಗಿದರು. ಮೂರು ಬೆರಳು ದೂರ.

"ನಿನ್ನ ಕೆನ್ನೆ ಮೇಲೆ ಮಚ್ಚೆ ಇದೆ ಕಣೇ."

"ಹುಟ್ಟಿದಾಗಿಂದ ಇದೆ."

"ಹೌದಾ?" ಅಂದರು. ಇನ್ನೂ ಸ್ವಲ್ಪ ನೋಡಿದರು. ಆಮೇಲೆ ಕಣ್ಣು ಅವಳ ಕಡೆಗೇ ಹೋಯಿತು.

ಅದಾದ ಮೇಲೆ ಅವರು ಆರು ವರ್ಷ ಇದ್ದರು. ಹಳೆಯ ಗೋಡೆಗಡಿಯಾರದ ಪೆಟ್ಟಿಗೆಯ ಒಳಗನ್ನು ಖಾಲಿ ಮಾಡಿ, ಪ್ಲಾಸ್ಟರಿನಲ್ಲಿ ಪುಟ್ಟ ಪುಟ್ಟ ಕೋಣೆ ಕೊರೆದು, ಅದರ ಗಾಜಿನ ಬಾಗಿಲು ಹಾಗೇ ಇಟ್ಟು ಅವಳಿಗೆ ಮನೆ ಮಾಡಿಕೊಟ್ಟರು. ಯಾರೂ ತಪ್ಪಿಸಿಕೊಳ್ಳದ ಹಾಗೆ ಅಂಚಿಗೆ ಗಡಿಯಾರದ ಎಣ್ಣೆ ಸವರುತ್ತಿದ್ದರು. ಸತ್ತ ನೊಣ ಹುಡುಕಿ ಕೊಡುವುದು, ಸಕ್ಕರೆ ನೀರಿನ ಹನಿ ಇಡುವುದು ನನ್ನ ಕೆಲಸ. ನಾಲ್ಕು ಜನ ಐವತ್ತಾದರು, ಐವತ್ತು ಜನ ಎಣಿಸಲಾರದಷ್ಟಾದರು. ಪೆಟ್ಟಿಗೆಯ ಮೇಲೆ ಮಫ್ಲರ್ ಹೊದಿಸುತ್ತಿದ್ದೆವು. ಕೊನೆಯ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹಿಡಿದಾಗ ನಾನು ಅದನ್ನು ಅವಳ ಮೇಲಿಂದ ಎಳೆದು ಅವರ ಕುತ್ತಿಗೆಗೆ ಸುತ್ತಿದೆ, ಅವಳಿಗೆ ಒಂದು ರಟ್ಟು ಅಡ್ಡ ಇಟ್ಟೆ. "ಚುಚ್ಚುತ್ತಾ?" ಅಂದೆ. "ಚುಚ್ಚುತ್ತೆ" ಅಂದರು. ತೆಗೆಯಲಿಲ್ಲ. ಹೋಗುವವರೆಗೂ ಅದು ಅವರ ಮೈಮೇಲೇ ಇತ್ತು.

ಅವರು ಹೋಗಿ ಎರಡು ವರ್ಷವಾಯಿತು. ರಾಣಿ ಇದ್ದಾಳೆ, ಮಫ್ಲರ್ ಮತ್ತೆ ಅವಳ ಪೆಟ್ಟಿಗೆಯ ಮೇಲಿದೆ. ಮೊನ್ನೆ ಟೀಚರಮ್ಮ ಬಂದಿದ್ದಳು, ಅವಳಿಗೂ ತಲೆ ನರೆತಿದೆ. ಕೂತು, ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, "ಅಮ್ಮಾ, ನಿಮಗೂ ಕೈಲಾಗಲ್ಲ. ಇವನ್ನ ಸ್ಕೂಲಿಗೆ ಕೊಟ್ಟುಬಿಡಿ. ಮಕ್ಕಳು ನೋಡ್ತಾರೆ, ನಾನೇ ಚೆನ್ನಾಗಿ ನೋಡ್ಕೋತೀನಿ" ಅಂದಳು.

"ನನ್ನ ಸವತಿಯನ್ನ ನಾನ್ಯಾಕೆ ಕೊಡಲಿ?"

ಅವಳು ನಕ್ಕಳು, ತಮಾಷೆ ಅಂದುಕೊಂಡಳು. ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ ಮಫ್ಲರ್ ಸರಿಸಿ, ಗಾಜಿಗೆ ಮೂಗು ತಾಗಿಸಿ ನೋಡತೊಡಗಿದಳು. "ಎಷ್ಟು ಚೆನ್ನಾಗಿದಾಳಮ್ಮ! ಯಜಮಾನ್ರು ಇದ್ದಿದ್ದರೆ ಎಷ್ಟು ಖುಷಿಪಡ್ತಿದ್ದರು. ಬಾರೇ ರಾಣಿ, ಈ ಕಡೆ ತಿರುಗು..."

ರಾಣಿ ತಿರುಗಿದಳು, ನಾಚಿಕೆಯಿಲ್ಲದವಳು.

"ಸಾಕು ಟೀಚರಮ್ಮ" ಅಂದೆ. "ಬೆಳಕು ಜಾಸ್ತಿ ಆಯ್ತು. ಭಾನುವಾರ ಬನ್ನಿ." ಮಫ್ಲರನ್ನು ಎಳೆದು ಮುಚ್ಚಿದೆ.